ಮುದ್ದೆಗೂ ಬೇಕು ಒಂದು ಒಳ್ಳೆಯ ಫೋಟೊ

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ನಿಮಗೆಲ್ಲ ಗೊತ್ತು. ಈಗಿನ ಕಾಲದಲ್ಲಿ ಊಟ ಬಲ್ಲವರಾಗಬೇಕಾದರೆ ಊಟದ ಚಿತ್ರವನ್ನೂ ಬಲ್ಲವರಾಗಬೇಕು. ಬೇಕರಿಯ ಬೋರ್ಡು, ಬಿಸ್ಕತ್ತಿನ ಪೊಟ್ಟಣ, ಹೋಟೆಲಿನ ಮೆನು, ಕೈಯಲ್ಲಿರುವ ಮೊಬೈಲು, ಎಲ್ಲಿ ನೋಡಿದರೂ ತಿಂಡಿಯ ಫೋಟೊ. ಇಂದು ಏನು ತಿನ್ನಬೇಕೆಂಬುದನ್ನು ಎಷ್ಟೋ ಮನೆಗಳಲ್ಲಿ ಅಡುಗೆಮನೆಗಿಂತ ಮೊದಲು ಈ ಚಿತ್ರಗಳೇ ತೀರ್ಮಾನಿಸುತ್ತಿವೆ.

ಈ ಚಿತ್ರಗಳನ್ನು ತೆಗೆಯುವುದೇ ಈಗ ಒಂದು ಕಸುಬು. ಅದನ್ನು ಕಲಿತು ಬದುಕು ಕಟ್ಟಿಕೊಳ್ಳಬೇಕೆಂಬ ಆಸೆಯುಳ್ಳ ಹುಡುಗ ಹುಡುಗಿಯರು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ಮನೆಗಳಲ್ಲೂ ಇದ್ದಾರು. ಆರೋಗ್ಯದ ಅಂಕಣದಲ್ಲಿ ಫೋಟೊಗ್ರಫಿಯ ಮಾತೇಕೆ ಎಂದು ನೀವು ಕೇಳಬಹುದು. ಆಹಾರದ ಚಿತ್ರ ತೆಗೆಯುವವರ ಕೈಯಲ್ಲಿ ಇರುವುದು ಬರೀ ಕ್ಯಾಮೆರಾ ಅಲ್ಲ, ನಿಮ್ಮ ಮಗುವಿನ ಬಾಯಿಗೆ ಹೋಗುವ ಚಮಚವೂ ಹೌದು ಎಂಬುದೇ ಅದಕ್ಕೆ ಉತ್ತರ.

ಕಣ್ಣು ಕಂಡರೆ ಹೊಟ್ಟೆಗೆ ಹಸಿವು

ಹುಣಸೆಹಣ್ಣನ್ನು ನೆನೆದರೆ ಬಾಯಲ್ಲಿ ನೀರೂರುತ್ತದೆ. ರುಚಿಯಾದ ಪದಾರ್ಥ ಕಣ್ಣಿಗೆ ಬಿದ್ದ ಕೂಡಲೇ ಮಿದುಳು ಬಾಯಿಗೂ ಜಠರಕ್ಕೂ ಸೂಚನೆ ಕಳಿಸುತ್ತದೆ. ಜೊಲ್ಲು ಸುರಿಯುತ್ತದೆ, ಜಠರರಸ ಒಸರುತ್ತದೆ. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಡೆದ ರಷ್ಯಾದ ಪಾವ್ಲೋವ್ ನಾಯಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದೂ ಇಂಥದ್ದನ್ನೇ. ಚಿತ್ರಕ್ಕೂ ಈ ಶಕ್ತಿ ಇದೆ. ಜರ್ಮನಿಯ ಮ್ಯೂನಿಕ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು 8 ಮಂದಿ ಆರೋಗ್ಯವಂತ ಯುವಕರಿಗೆ ಆಹಾರದ ಚಿತ್ರಗಳನ್ನು ತೋರಿಸಿದಾಗ, ಹಸಿವನ್ನು ಹೆಚ್ಚಿಸುವ ಗ್ರೆಲಿನ್ ಎಂಬ ಹಾರ್ಮೋನು ಅವರ ರಕ್ತದಲ್ಲಿ ಏರಿತ್ತು. 2012ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದೇ. ಆದರೆ ಊಟ ಮುಗಿಸಿ ಮೊಬೈಲು ಹಿಡಿದ ಮಗ ಅರ್ಧ ಗಂಟೆಯಲ್ಲಿ ಮತ್ತೆ ತಿಂಡಿ ಕೇಳುವುದೇಕೆ ಎಂಬುದಕ್ಕೆ ಅದು ಸುಳಿವು ಕೊಡುತ್ತದೆ.

ಇದೇ ಶಕ್ತಿಯನ್ನು ಒಳ್ಳೆಯದಕ್ಕೂ ಬಳಸಬಹುದು. ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ಪುಟ್ಟ ಮಕ್ಕಳಿಗೆ ಅಪರಿಚಿತ ತರಕಾರಿಗಳ ಚಿತ್ರಪುಸ್ತಕ ಕೊಟ್ಟು, ದಿನವೂ ತಂದೆತಾಯಿಯರ ಜೊತೆ ನೋಡಿಸಿದರು. ಆಮೇಲೆ ಆ ತರಕಾರಿ ತಟ್ಟೆಗೆ ಬಂದಾಗ ಮಕ್ಕಳು ರುಚಿ ನೋಡಲು ಹೆಚ್ಚು ಮುಂದಾದರು. 2014ರ ಈ ವರದಿಯಿಂದ ನಾವು ಕಲಿಯಬೇಕಾದ್ದು ಸರಳ. ಕಣ್ಣಿಗೆ ಪರಿಚಯವಾದದ್ದು ನಾಲಿಗೆಗೆ ಬೇಗ ಒಗ್ಗುತ್ತದೆ.

ನಮ್ಮ ಊಟದ ಚಿತ್ರ ಎಲ್ಲಿ?

ಈಗ ನಿಮ್ಮ ಊರಿನ ಪೇಟೆಬೀದಿಯಲ್ಲಿ ಒಂದು ಸುತ್ತು ಹೊಡೆದು ನೋಡಿ. ಪಫ್ಸು, ಪಿಜ್ಜಾ, ಗೋಬಿ ಮಂಚೂರಿ, ಬಣ್ಣದ ಪಾನೀಯ, ಎಲ್ಲದಕ್ಕೂ ಆಳೆತ್ತರದ ಫೋಟೊ ಇದೆ. ಬಸ್ಸಾರಿಗೆ? ಹುರುಳಿಕಾಳಿನ ಸಾರಿಗೆ? ಮಾಗಿಯ ಚಳಿಯಲ್ಲಿ ಮನೆಮನೆಯಲ್ಲೂ ಘಮಘಮಿಸುವ ಹಿತಕಿದ ಅವರೆಬೇಳೆ ಸಾರಿಗೆ? ಒಂದು ಒಳ್ಳೆಯ ಚಿತ್ರ ಸಿಗುವುದು ಕಷ್ಟ. ಸಿಕ್ಕರೂ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಹಸಿರು ತಿರುಗಿದ ಸಾರು, ಸ್ಟೀಲ್ ತಟ್ಟೆಯ ಹೊಳಪಿನ ನಡುವೆ ಕಲ್ಲುಗುಂಡಿನಂತೆ ಕುಳಿತ ಮುದ್ದೆ. ಇದನ್ನು ನೋಡಿದ ಮಗು ಮುಖ ಸಿಂಡರಿಸಿದರೆ ತಪ್ಪು ಮಗುವಿನದಲ್ಲ.

ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಕ್ಕಿ, ಗೋಧಿ ಇದರ ಹತ್ತಿರಕ್ಕೂ ಬರುವುದಿಲ್ಲ. ಮಂಡ್ಯದಲ್ಲಿ ಇಂಡಾಫ್ ತಳಿಗಳನ್ನು ರೂಪಿಸಿದ ಲಕ್ಷ್ಮಣಯ್ಯನವರಂಥ ವಿಜ್ಞಾನಿಗಳು ರಾಗಿಯ ಇಳುವರಿ ಹೆಚ್ಚಿಸಿದರು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಹೊಲದಲ್ಲಿ ಗೆದ್ದ ರಾಗಿ ಮಕ್ಕಳ ಕಣ್ಣಿನಲ್ಲಿ ಇನ್ನೂ ಗೆಲ್ಲಬೇಕಾಗಿದೆ. ಆ ಕೆಲಸ ಕ್ಯಾಮೆರಾ ಹಿಡಿದವರದು.

ಕ್ಯಾಮೆರಾದಿಂದ ಆರೋಗ್ಯದ ಕೆಲಸ ಆಗುತ್ತದೆಯೇ ಎಂದು ಸಂಶಯ ಬೇಡ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಸಿಡುಬು ನಿರ್ಮೂಲನೆಯ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ, ಮಕ್ಕಳ ಬದುಕನ್ನು ತೋರಿಸಲು ಯುನಿಸೆಫ್‌ಗಾಗಿ ಚಿತ್ರ ತೆಗೆದವರು. ಅವರು ತೆಗೆದದ್ದು ಆಹಾರದ ಚಿತ್ರಗಳಲ್ಲ, ಆದರೆ ದಾರಿ ಅದೇ.

ಕಲಿಯಲು ಏನು ಬೇಕು?

ದುಬಾರಿ ಕ್ಯಾಮೆರಾ ಕೊಳ್ಳಲು ಸಾಲ ಮಾಡಬೇಡಿ. ಒಳ್ಳೆಯ ಮೊಬೈಲು, ಒಂದು ಕಿಟಕಿ, ಒಂದು ಬಿಳಿ ಥರ್ಮೋಕೋಲ್ ಹಲಗೆ ಇದ್ದರೆ ಮೊದಲ ಪಾಠ ಶುರು. ಮನೆಯ ಬಲ್ಬು, ಟ್ಯೂಬ್‌ಲೈಟು ಆರಿಸಿ. ಬೆಳಗಿನ ಹೊತ್ತು ಕಿಟಕಿಯ ಪಕ್ಕ ತಟ್ಟೆ ಇಟ್ಟು, ಬೆಳಕು ಪಕ್ಕದಿಂದಲೋ ಹಿಂದಿನಿಂದಲೋ ಬೀಳುವಂತೆ ಮಾಡಿ. ಎದುರು ಬದಿಯಲ್ಲಿ ಥರ್ಮೋಕೋಲ್ ಹಿಡಿದರೆ ಕಪ್ಪು ನೆರಳು ತಿಳಿಯಾಗುತ್ತದೆ. ಹಿಂದಿನ ಬೆಳಕಿನಲ್ಲಿ ಸಾರಿನ ಹಬೆ ಕಾಣುತ್ತದೆ, ಮುದ್ದೆಯ ನುಣುಪು ಎದ್ದು ಬರುತ್ತದೆ. ಮುದ್ದೆಯನ್ನು ತಟ್ಟೆಯ ಮಟ್ಟಕ್ಕೆ ಬಗ್ಗಿ ತೆಗೆಯಿರಿ, ಹಲವು ಬಗೆಯಿರುವ ಎಲೆ ಊಟವನ್ನು ಮೇಲಿನಿಂದ ತೆಗೆಯಿರಿ. ಸ್ಟೀಲ್ ತಟ್ಟೆ ಕಣ್ಣಿಗೆ ಹೊಡೆಯುವಂತಿದ್ದರೆ ಮುತ್ತುಗದ ಎಲೆಯೋ ಬಾಳೆ ಎಲೆಯೋ ಬಳಸಿ. ಮುದ್ದೆಯ ಮೇಲ್ಮೈ ಬೇಗ ಒಣಗುತ್ತದೆ. ಆದ್ದರಿಂದ ಎಲ್ಲವನ್ನೂ ಸಿದ್ಧ ಮಾಡಿಕೊಂಡು ಕೊನೆಗೆ ಮುದ್ದೆ ಕಟ್ಟಿ, ಬೆರಳಲ್ಲಿ ಚೂರು ತುಪ್ಪ ಸವರಿ, ಕೂಡಲೇ ಕ್ಲಿಕ್ಕಿಸಿ.

ಕ್ರಮವಾಗಿ ಕಲಿಯುವವರಿಗೆ ದಾರಿಗಳಿವೆ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಛಾಯಾಗ್ರಹಣ ಮತ್ತು ವಿಡಿಯೊ ಚಿತ್ರೀಕರಣಕ್ಕೆ ಉಚಿತ ತರಬೇತಿ ಉಂಟು. ಮದುವೆ ಫೋಟೊಗಾಗಿ ಕಲಿತ ಬೆಳಕಿನ ಪಾಠ ಮುದ್ದೆಗೂ ಆಗಿಬರುತ್ತದೆ.

ಚಿತ್ರ ಸುಳ್ಳು ಹೇಳಬಾರದು

ಈ ಕಸುಬಿನಲ್ಲಿ ಹಳೆಯ ಕಳ್ಳದಾರಿಗಳೂ ಇವೆ. ಐಸ್‌ಕ್ರೀಮ್ ಕರಗುತ್ತದೆಂದು ಆಲೂಗಡ್ಡೆ ಹಿಸುಕಿ ಇಡುವುದು, ಹಾಲಿನ ಬದಲು ಬಿಳಿ ಅಂಟು, ಹಣ್ಣಿನ ಮೇಲಿನ ಹನಿಗೆ ಗ್ಲಿಸರಿನ್. 1960ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಂಪ್‌ಬೆಲ್ ಸೂಪ್ ಜಾಹೀರಾತಿನಲ್ಲಿ ಬಟ್ಟಲಿನ ತಳಕ್ಕೆ ಗಾಜಿನ ಗೋಲಿಗಳನ್ನು ಹಾಕಿ, ತರಕಾರಿ ಮೇಲೆ ತುಂಬಿದಂತೆ ತೋರಿಸಲಾಗಿತ್ತು. ಸರ್ಕಾರದ ವ್ಯಾಪಾರ ಆಯೋಗ ಅದನ್ನು ವಂಚನೆ ಎಂದು ಪ್ರಶ್ನಿಸಿತು. ನೀರಾದ ಸಾರಿನ ಮೇಲೆ ನಾಲ್ಕು ಕಾಳು ತೇಲಿಸಿ ಚಿತ್ರ ತೆಗೆಯುವವರೂ ಮಾಡುವುದು ಇದನ್ನೇ. ಕಾಳಿನ ಸಾರು ಎಂದು ನಂಬಿ ಬರುವವರಿಗೆ ಸಿಗುವುದು ತಿಳಿ ನೀರು, ಪ್ರೋಟೀನು ಮಾತ್ರ ಖೋತಾ.

ನಮ್ಮಲ್ಲೂ ಕಾನೂನು ಇದೆ. ಆಹಾರದ ಜಾಹೀರಾತು ದಾರಿ ತಪ್ಪಿಸುವಂತಿರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳು ಹೇಳುತ್ತವೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಸುಳ್ಳು ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೂ ದಂಡ ಬೀಳಬಹುದು. ಚಿತ್ರದ ಕೆಳಗಿನ ಬರಹದಲ್ಲಿ ಇನ್ನೂ ಎಚ್ಚರ ಬೇಕು. ರಾಗಿ ಮಾಲ್ಟಿನ ಪೊಟ್ಟಣದ ಮೇಲೆ 'ಸಕ್ಕರೆ ಕಾಯಿಲೆ ವಾಸಿ' ಎಂದು ಬರೆಯುವಂತಿಲ್ಲ. ಮಧುಮೇಹ ಗುಣವಾಗುತ್ತದೆಂದು ಔಷಧಿಯ ಜಾಹೀರಾತಿನಲ್ಲಿ ಹೇಳುವುದನ್ನೂ 1954ರಲ್ಲೇ ಕಾಯ್ದೆ ಮಾಡಿ ನಿಷೇಧಿಸಲಾಗಿದೆ. ಅಂಥ ಬರಹ ನಂಬಿ ಒಬ್ಬರು ಮಾತ್ರೆ ಬಿಟ್ಟರೂ ಸಾಕು, ಆ ಚಿತ್ರ ಒಂದು ಜೀವಕ್ಕೆ ಕುತ್ತಾಗುತ್ತದೆ.

ಚಿತ್ರವೇ ಅಳತೆ

ಇನ್ನೊಂದು ಮಾತು. ಚಿತ್ರದಲ್ಲಿ ಕಂಡಷ್ಟೇ ತಿನ್ನಬೇಕಾದ ಪ್ರಮಾಣ ಎಂದು ಜನ ತಿಳಿಯುತ್ತಾರೆ. ದೊಡ್ಡ ದೊಡ್ಡ ಎರಡು ಮುದ್ದೆ, ಮೂಲೆಯಲ್ಲಿ ಒಂದು ಚಮಚ ಪಲ್ಯ ತೋರಿಸಿದರೆ ಅದೇ ಊಟದ ಮಾದರಿಯಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ. ರಾಗಿಯೂ ಪಿಷ್ಟವೇ, ಅಳತೆ ಮೀರಿದರೆ ಅದೂ ರಕ್ತದ ಸಕ್ಕರೆ ಏರಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಸೂಚಿಸುವ ಊಟದಲ್ಲಿ ಅರ್ಧ ತಟ್ಟೆ ಸೊಪ್ಪು, ತರಕಾರಿ, ಹಣ್ಣು ಇರಬೇಕು. ಉಳಿದರ್ಧದಲ್ಲಿ ಧಾನ್ಯ, ಬೇಳೆಕಾಳು, ಹಾಲು, ಮೊಟ್ಟೆ, ಮಾಂಸ, ಕಾಯಿಬೀಜಗಳು. ಹದವಾದ ಒಂದು ಮುದ್ದೆ, ಬಸಿದ ಸೊಪ್ಪಿನ ಪಲ್ಯ ಧಾರಾಳ, ಗಟ್ಟಿ ಕಾಳಿನ ಸಾರು, ಪಕ್ಕದಲ್ಲಿ ಸೌತೆಕಾಯಿ. ಹೀಗೆ ಜೋಡಿಸಿ ತೆಗೆದ ಒಂದು ಚಿತ್ರ ಹತ್ತು ಭಾಷಣಗಳಿಗಿಂತ ಹೆಚ್ಚು ಕಲಿಸುತ್ತದೆ. ಬಣ್ಣ ಬಣ್ಣದ ತಟ್ಟೆ ಕಣ್ಣಿಗೂ ಚೆಂದ, ಆರೋಗ್ಯಕ್ಕೂ ಹಿತ.

ಕಸುಬು ನಿಲ್ಲುವುದು ಹೇಗೆ?

ಗಿರಾಕಿಗಳು ದೂರವಿಲ್ಲ. ಚಿಕ್ಕಬಳ್ಳಾಪುರದ ಪಕ್ಕದ ಕಳವಾರದ ಬೆಟ್ಟ, ಅಂದರೆ ಸ್ಕಂದಗಿರಿಯನ್ನು ನಸುಕಿನಲ್ಲಿ ಹತ್ತಿ ಇಳಿಯುವವರಿಗೆ, ನಂದಿಬೆಟ್ಟಕ್ಕೆ ಬರುವವರಿಗೆ ಬೆಳಗಿನ ಹಸಿವು ಜೋರು. ಅವರನ್ನು ಕರೆಯಲು ಹೆದ್ದಾರಿಯ ಹೋಟೆಲುಗಳಿಗೆ ಒಳ್ಳೆಯ ಚಿತ್ರ ಬೇಕು. ಹುರಿಹಿಟ್ಟು, ಚಟ್ನಿಪುಡಿ, ರಾಗಿ ಮಾಲ್ಟು ಮಾಡುವ ಸ್ತ್ರೀಶಕ್ತಿ ಸಂಘಗಳಿಗೆ ಬೇಕು. ದ್ರಾಕ್ಷಿ, ಟೊಮೇಟೊ ಬೆಳೆಯುವವರಿಗೂ ಬೇಕು. ಮೊದಲು ನಿಮ್ಮ ಮನೆಯ ಹತ್ತು ಅಡುಗೆಗಳನ್ನು ಚೆನ್ನಾಗಿ ತೆಗೆದು ಒಂದು ಆಲ್ಬಮ್ ಮಾಡಿ. ಅದೇ ನಿಮ್ಮ ಅಂಗಡಿ.

ಬೆಲೆ ಹೇಳುವಾಗ ಬಸ್ ಖರ್ಚು, ಸಾಮಾನಿನ ಖರ್ಚು, ಫೋಟೊ ತಿದ್ದುವ ಹೊತ್ತು, ಎಲ್ಲವನ್ನೂ ಲೆಕ್ಕ ಹಾಕಿ. ಎಷ್ಟು ಚಿತ್ರ, ಎಲ್ಲಿ ಬಳಕೆ, ಎಷ್ಟು ಕಾಲ ಎಂಬುದನ್ನು ಕಾಗದದಲ್ಲಿ ಬರೆದುಕೊಳ್ಳಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದವರೇ ಫೋಟೊದ ಒಡೆಯರು. ನೀವು ತೆಗೆದ ಅಪ್ಪಟ ಹುರಿಹಿಟ್ಟಿನ ಚಿತ್ರ ನಾಳೆ ಬರೀ ಸಕ್ಕರೆ ತುಂಬಿದ ಪೊಟ್ಟಣದ ಮೇಲೆ ಕುಳಿತರೆ ಕೇಳಲು ಕೈಯಲ್ಲಿ ಆ ಕಾಗದ ಇರಬೇಕು.

ಚಿತ್ರಕ್ಕಾಗಿ ಗಂಟೆಗಟ್ಟಲೆ ಹೊರಗಿಟ್ಟ ಅಡುಗೆಯನ್ನು ಮಕ್ಕಳಿಗೆ ಹಂಚಬೇಡಿ. ಬೇಯಿಸಿದ ಆಹಾರ 2 ಗಂಟೆಗಿಂತ ಹೆಚ್ಚು ಹೊತ್ತು ಹೊರಗಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ತೆಗೆದ ಕೂಡಲೇ ಎಲ್ಲರೂ ಕುಳಿತು ಉಣ್ಣುವಂತಿರಬೇಕು. ಉಣ್ಣಲಾಗದ್ದನ್ನು ಊಟವೆಂದು ತೋರಿಸಬಾರದು. ಈ ಕಸುಬಿಗೆ ಇದೊಂದೇ ನೀತಿ ಸಾಕು.

ತಂದೆತಾಯಿಯರೇ, ಮಗಳು ಊಟದ ತಟ್ಟೆಯನ್ನು ಕಿಟಕಿಯ ಬಳಿ ಎಳೆದುಕೊಂಡು ಹೋದರೆ ಗದರಬೇಡಿ. ಆರಿದರೆ ಸಾರನ್ನು ಮತ್ತೆ ಬಿಸಿ ಮಾಡಿದರಾಯಿತು. ಪೊಟ್ಟಣ ಕೊಳ್ಳುವಾಗ ಮಾತ್ರ ಮುಂಭಾಗದ ಚಿತ್ರ ನೋಡಿ ಮರುಳಾಗದೆ ಹಿಂದೆ ತಿರುಗಿಸಿ. ಸಕ್ಕರೆ, ಉಪ್ಪು, ಕೊಬ್ಬು ಎಷ್ಟೆಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಅದನ್ನು ಮಕ್ಕಳಿಂದಲೇ ಓದಿಸಿ. ಈ ಭಾನುವಾರ ಮನೆಯಲ್ಲಿ ಬಸ್ಸಾರು ಮುದ್ದೆ ಮಾಡಿದರೆ, ಫೋಟೊ ತೆಗೆಯುವ ಕೆಲಸವನ್ನೂ ಅವರಿಗೇ ಒಪ್ಪಿಸಿ.