ಪಕ್ಕದ ಚಾಪೆಯವನಿಗೂ ಒಂದು ಡೋಸ್

ಕುಷ್ಠರೋಗಿಯ ಒಡನಾಡಿಗಳಿಗೆ ಮುಂಜಾಗ್ರತೆಯಾಗಿ ಒಂದೇ ಒಂದು ಡೋಸ್ ರಿಫಾಂಪಿಸಿನ್ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಶಿಫಾರಸು ಮಾಡಿತು. ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲೂ ಅದು ಸೇರಿದೆ. ಒಡನಾಡಿ ಯಾರು ಎಂಬುದಕ್ಕೆ ಲೆಕ್ಕವೂ ಇದೆ: ವಾರಕ್ಕೆ 20 ಗಂಟೆಯಂತೆ ಕನಿಷ್ಠ 3 ತಿಂಗಳು ರೋಗಿಯ ಜೊತೆ ಕಳೆದವರು. ಆದರೆ ಪಟ್ಟಿ ಬರೆಯಲು ಕೂತರೆ ಯಾರಿಗಾದರೂ ಮೊದಲು ನೆನಪಾಗುವುದು ಹೆಂಡತಿ ಮಕ್ಕಳೇ.

ನಮ್ಮ ಆನೇಕಲ್ ತಾಲ್ಲೂಕಿನಲ್ಲಿ ಇಂಥ ಪಟ್ಟಿ ಕೈಕೊಡುತ್ತದೆ. ಜಿಗಣಿ, ಬೊಮ್ಮಸಂದ್ರ, ಅತ್ತಿಬೆಲೆಯ ಕಾರ್ಖಾನೆಗಳಿಗೆ ದುಡಿಯಲು ಬಂದವನ ಸಂಸಾರ ಒಡಿಶಾದಲ್ಲೋ ಜಾರ್ಖಂಡಿನಲ್ಲೋ ರಾಯಚೂರಿನಲ್ಲೋ ಇರುತ್ತದೆ. ಇಲ್ಲಿ ಅವನಿಗಿರುವುದು ಶೀಟು ಹೊದಿಸಿದ ಒಂದು ಕೋಣೆ, ಅದರಲ್ಲಿ ಆರೆಂಟು ಜನ. ಬೆಳಗಿನ ಪಾಳಿಯವನು ಎದ್ದುಹೋದ ಚಾಪೆಯ ಮೇಲೆ ರಾತ್ರಿ ಪಾಳಿಯವನು ಬಂದು ಮಲಗುತ್ತಾನೆ. ರೇಷನ್ ಕಾರ್ಡು ನೋಡಿ ಬರೆದ ಪಟ್ಟಿಗೆ ಇವರಲ್ಲಿ ಒಬ್ಬನೂ ಸಿಗುವುದಿಲ್ಲ.

ಬಾಂಗ್ಲಾದೇಶದಲ್ಲಿ 21 ಸಾವಿರಕ್ಕೂ ಹೆಚ್ಚು ಒಡನಾಡಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಒಂದು ಡೋಸ್ ಮೊದಲ ಎರಡು ವರ್ಷ ಹೊಸ ಪ್ರಕರಣಗಳನ್ನು ಶೇ 57ರಷ್ಟು ತಗ್ಗಿಸಿತ್ತು. ಅದರ ಒಳವಿವರ ನಮ್ಮ ತಾಲ್ಲೂಕಿಗೆ ಇನ್ನೂ ಮುಖ್ಯ: ಒಂದೇ ಸೂರಿನ ರಕ್ತಸಂಬಂಧಿಗಳಿಗಿಂತ ನೆರೆಹೊರೆಯವರಿಗೆ, ಪರಿಚಿತರಿಗೆ ಹೆಚ್ಚು ರಕ್ಷಣೆ ಸಿಕ್ಕಿತ್ತು. ಎಂದರೆ ಮನೆಯವರಿಗಷ್ಟೇ ಕೊಟ್ಟು ಪುಸ್ತಕ ಮುಚ್ಚಿದರೆ ಹೆಚ್ಚು ಲಾಭ ಪಡೆಯಬೇಕಾದವರೇ ಬಿಟ್ಟುಹೋಗುತ್ತಾರೆ.

ತೊಡಕು ಇರುವುದು ರೋಗಿಯ ಭಯದಲ್ಲಿ. ಅವನ ಒಪ್ಪಿಗೆ ಇಲ್ಲದೆ ಒಡನಾಡಿಗಳ ಬಳಿ ಹೋಗುವಂತಿಲ್ಲ. ಅದು ಸರಿಯಾದ ನಿಯಮ. ಆದರೆ ಸುದ್ದಿ ಮೇಸ್ತ್ರಿಯ ಕಿವಿಗೆ ಬಿದ್ದರೆ ಕೆಲಸ ಹೋಗುತ್ತದೆ, ಕೋಣೆಯ ಮಾಲೀಕನಿಗೆ ಗೊತ್ತಾದರೆ ಗಂಟುಮೂಟೆ ಬೀದಿಗೆ ಬರುತ್ತದೆ ಎಂಬುದು ಅವನಿಗೆ ಗೊತ್ತು. ಚಿಕಿತ್ಸೆ ಶುರುವಾದ ಮೇಲೆ ಅವನಿಂದ ರೋಗ ಹರಡುವುದು ಬೇಗನೆ ನಿಲ್ಲುತ್ತದೆ, ಬಹುತೇಕರಿಗೆ ಈ ರೋಗ ಅಂಟುವುದೇ ಇಲ್ಲ ಎಂದು ಎಷ್ಟು ಹೇಳಿದರೂ ಹಳೆಯ ಹೆದರಿಕೆ ಕರಗಿಲ್ಲ. ಈ ಹೆದರಿಕೆ ಹೋಗಲಾಡಿಸಲೆಂದು ಕುಷ್ಠರೋಗ ವಿರೋಧಿ ದಿನವಾದ ಜನವರಿ 30ರಂದು ಗ್ರಾಮಸಭೆಗಳಲ್ಲಿ ಪ್ರತಿಜ್ಞೆ ಓದಿಸುತ್ತಾರೆ. ಪಾಳಿಯ ಕಾರ್ಮಿಕ ಗ್ರಾಮಸಭೆಗೆ ಬರುವುದುಂಟೆ?

ಆದ್ದರಿಂದ ಹೆಸರೆತ್ತದೆ ಇಡೀ ಸಾಲಿನ ಕೋಣೆಗಳಿಗೆ ಚರ್ಮ ತಪಾಸಣೆ ಇಡುವುದೇ ದಾರಿ. ಆರೋಗ್ಯ ಕಾರ್ಯಕರ್ತೆಯರು ಭಾನುವಾರ ಬೆಳಿಗ್ಗೆ ಹೋಗಲಿ. ತಿಳಿಬಿಳಿ ಅಥವಾ ತಾಮ್ರ ಬಣ್ಣದ ಮಚ್ಚೆ ಕಂಡರೆ ಕಣ್ಣು ಮುಚ್ಚಿಸಿ, ಬಾಲ್‌ಪೆನ್ನಿನ ತುದಿಯಿಂದ ಮೆಲ್ಲಗೆ ಮುಟ್ಟಿ, ಎಲ್ಲಿ ಮುಟ್ಟಿದೆ ಎಂದು ಬೆರಳಿಟ್ಟು ತೋರಿಸಲು ಹೇಳಿದರೆ ಸಾಕು. ತೋರಿಸಲಾಗದವನಿಗೆ ಒಂದು ಡೋಸ್ ಸಾಲದು, ವೈದ್ಯರು ನೋಡಿ ಪೂರ್ಣ ಬಹುಔಷಧ ಚಿಕಿತ್ಸೆ ಕೊಡಬೇಕು. ಲಕ್ಷಣವಿಲ್ಲದ ವಯಸ್ಕರಿಗೆ 600 ಮಿಲಿಗ್ರಾಂ, ಎದುರಿಗೇ ನುಂಗಿಸಬೇಕು. ಕೆಮ್ಮು, ಜ್ವರ ಇದ್ದವರಿಗೆ ಮೊದಲು ಕ್ಷಯದ ಪರೀಕ್ಷೆ. ಇಕ್ಕಟ್ಟಿನ ಈ ಕೋಣೆಗಳಲ್ಲಿ ಅದನ್ನು ಮರೆಯುವಂತೆಯೇ ಇಲ್ಲ. ಗರ್ಭಿಣಿಯರಿಗೆ, ಕಾಮಾಲೆ ಇರುವವರಿಗೆ ಈಗ ಬೇಡ. ಆ ದಿನ ಮೂತ್ರ ಕೆಂಪಗೆ ಬರುತ್ತದೆ ಎಂದು ಮೊದಲೇ ಹೇಳಿಬಿಡಿ; ಹೇಳದಿದ್ದರೆ ಮರುದಿನ ಆ ಸಾಲಿನಲ್ಲಿ ಒಬ್ಬನೂ ಆರೋಗ್ಯ ಕಾರ್ಯಕರ್ತೆಗೆ ಬಾಗಿಲು ತೆರೆಯಲಾರ.

ರೋಗ ಕಾಣಿಸಿಕೊಳ್ಳಲು ಸರಾಸರಿ ಐದು ವರ್ಷ ಬೇಕು, 20 ವರ್ಷ ಹಿಡಿದದ್ದೂ ಉಂಟು. ಕಾರ್ಮಿಕ ಅಷ್ಟು ಕಾಲ ಒಂದೇ ಕೋಣೆಯಲ್ಲಿ ಇರುವುದಿಲ್ಲ. ಅತ್ತಿಬೆಲೆ ದಾಟಿ ಹೊಸೂರಿಗೆ ಹೋದರೆ ರಾಜ್ಯವೇ ಬೇರೆ, ದಾಖಲೆಯೂ ಬೇರೆ. ಡೋಸ್ ಪಡೆದ ದಿನಾಂಕ, ಮುಂದಿನ ತಪಾಸಣೆಯ ತಿಂಗಳು ಬರೆದ ಒಂದು ಚೀಟಿಯನ್ನು ಅವನ ಭಾಷೆಯಲ್ಲೇ ಕೊಟ್ಟು ಕಳಿಸಲು ತಾಲ್ಲೂಕು ಆರೋಗ್ಯ ಇಲಾಖೆಗೆ ಹೊಸ ಯೋಜನೆಯೇನೂ ಬೇಕಿಲ್ಲ. ಕನ್ನಡ, ಹಿಂದಿ, ಒಡಿಯಾ, ಬಂಗಾಳಿ, ತಮಿಳಿನಲ್ಲಿ ಅಚ್ಚು ಹಾಕಿಸಿದರಾಯಿತು.