ಮಕ್ಕಳ ನೆಗಡಿ: ಸಿರಪ್‌ಗಿಂತ ಎಚ್ಚರವೇ ಮದ್ದು

ಶಿವಯೋಗ ಮಂದಿರ (ಬಾದಾಮಿ ತಾಲ್ಲೂಕು): ಹಾನಗಲ್ಲ ಕುಮಾರ ಸ್ವಾಮೀಜಿ 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಸ್ಥಾಪಿಸಿದ ಈ ಕ್ಷೇತ್ರಕ್ಕೂ, ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗೂ ಹಸುಗೂಸುಗಳನ್ನು ಎತ್ತಿಕೊಂಡು ಬರುವ ಕುಟುಂಬಗಳು ಅನೇಕ. ಜಾತ್ರೆ ಮುಗಿಸಿ ಮನೆ ಸೇರಿದ ಒಂದೆರಡು ದಿನಗಳಲ್ಲಿ ಮಗುವಿನ ಮೂಗು ಸೋರತೊಡಗಿದರೆ ದೂರು ಚಳಿಯ ಮೇಲೆ. ಪರಿಹಾರ ಔಷಧ ಅಂಗಡಿಯ ಸಿರಪ್. ಇವೆರಡೂ ತಪ್ಪು ಎಂಬುದೇ ಆತಂಕದ ಸಂಗತಿ.

ನೆಗಡಿಗೆ ಕಾರಣ ವೈರಾಣು. ಜನಸಂದಣಿಯಲ್ಲಿ ಅದು ಕೈಯಿಂದ, ಕೆಮ್ಮಿನಿಂದ ಹರಡುತ್ತದೆ. ಆ್ಯಂಟಿಬಯೋಟಿಕ್ ಅದಕ್ಕೆ ನಾಟುವುದಿಲ್ಲ. ಕೆಮ್ಮಿನ ಸಿರಪ್ ಅದರ ಅವಧಿಯನ್ನು ಕಡಿಮೆ ಮಾಡುವುದಿಲ್ಲ. ಸಾಮಾನ್ಯವಾಗಿ ಒಂದರಿಂದ ಎರಡು ವಾರಗಳಲ್ಲಿ ಅದು ತಾನಾಗಿಯೇ ಶಮನವಾಗುತ್ತದೆ.

ಸಿರಪ್‌ನ ಅಪಾಯ ಎಷ್ಟೆಂಬುದನ್ನು 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ತೋರಿಸಿಕೊಟ್ಟಿತು. ಮೂತ್ರಪಿಂಡ ವಿಫಲವಾಗಿ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಅಸುನೀಗಿದರು. ಅವರಿಗೆ ನೀಡಿದ್ದ ‘ಕೋಲ್ಡ್ರಿಫ್’ ಸಿರಪ್‌ನಲ್ಲಿ ತಮಿಳುನಾಡಿನ ಪ್ರಯೋಗಾಲಯ ಪತ್ತೆಹಚ್ಚಿದ ಡೈಎಥಿಲೀನ್ ಗ್ಲೈಕಾಲ್ ಪ್ರಮಾಣ ಶೇ 48.6, ಅನುಮತಿಸಿದ ಮಿತಿ ಶೇ 0.1 ಮಾತ್ರ. ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿಯ ಸಿರಪ್ ಬೇಡ, ಐದರೊಳಗಿನವರಿಗೂ ಸಾಮಾನ್ಯವಾಗಿ ಸಲ್ಲದು ಎಂದು ಕೇಂದ್ರ ಆರೋಗ್ಯ ಸೇವಾ ಮಹಾನಿರ್ದೇಶನಾಲಯ ಆ ಅಕ್ಟೋಬರ್‌ನಲ್ಲಿ ಸೂಚಿಸಿತು. ಕಲಬೆರಕೆಯಿಲ್ಲದ ಔಷಧಕ್ಕೂ ಈ ಮಾತು ಅನ್ವಯಿಸುತ್ತದೆ ಎಂಬುದು ಗಮನಾರ್ಹ. ಆದರೆ ಚೀಟಿ ಕೇಳದೆ ಬಾಟಲಿ ಕೊಡುವ ಪರಿಪಾಠ ಉಳಿದಿರುವವರೆಗೆ ಸೂಚನೆ ಕಾಗದಕ್ಕಷ್ಟೇ ಸೀಮಿತ.

ಮನೆಮದ್ದೆಲ್ಲವೂ ನಿರಪಾಯಕಾರಿ ಎನ್ನುವಂತಿಲ್ಲ. ಎರೆದ ನಂತರ ಕೂಸಿಗೆ ಲೋಬಾನ, ಅಜವಾನದ ಹೊಗೆ ಹಾಕುವ ರೂಢಿ ಉತ್ತರ ಕರ್ನಾಟಕದಲ್ಲಿದೆ. ಆ ಹೊಗೆ ಎಳೆಯ ಶ್ವಾಸನಾಳವನ್ನು ಕೆರಳಿಸುತ್ತದೆ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೂಡದು. ನಂತರ ರಾತ್ರಿಯ ಕೆಮ್ಮಿಗೆ ಅರ್ಧ ಚಮಚ ನೀಡಬಹುದು. ಮೂಗು ಕಟ್ಟಿದರೆ ಸಲೈನ್ ಹನಿ, ಪದೇ ಪದೇ ಎದೆಹಾಲು, ಹೊಗೆಯಿಲ್ಲದ ಕೋಣೆ: ಇಷ್ಟೇ ಸಾಕು.

ಆಸ್ಪತ್ರೆಗೆ ಧಾವಿಸಬೇಕಾದ ಸಂದರ್ಭಗಳೂ ಉಂಟು. ಮಗು ಶಾಂತವಾಗಿರುವಾಗ ನಿಮಿಷಕ್ಕೆ ಎಷ್ಟು ಬಾರಿ ಉಸಿರಾಡುತ್ತದೆ ಎಂದು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕೂ ಹೆಚ್ಚಾದರೆ ನ್ಯುಮೋನಿಯಾ ಶಂಕಿಸಬೇಕು. ಪಕ್ಕೆ ಒಳಸೆಳೆಯುವುದು, ಹಾಲು ಕುಡಿಯದಿರುವುದು, ಮಂಪರು, ತುಟಿ ನೀಲಿಗಟ್ಟುವುದು, ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬರುವುದು ತಡಮಾಡಲಾಗದ ಲಕ್ಷಣಗಳು.

ತಡೆಗೆ ದುಬಾರಿ ಔಷಧ ಬೇಕಿಲ್ಲ. ಕೂಸನ್ನು ಮುಟ್ಟುವ ಮುನ್ನ ಸಾಬೂನಿನಿಂದ ಕೈ ತೊಳೆಯುವುದು, ಆರು ತಿಂಗಳು ಎದೆಹಾಲು ಮಾತ್ರ ಉಣಿಸುವುದು, ನೆಗಡಿಯಾದವರು ಮುದ್ದಿಸದಿರುವುದು ಮುಖ್ಯ. ನೆಗಡಿಗೆ ಲಸಿಕೆಯಿಲ್ಲ, ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಉಸಿರಿನ ಲೆಕ್ಕವನ್ನು ಆಶಾ ಕಾರ್ಯಕರ್ತೆಯರು ಪ್ರತಿ ತಾಯಿಗೂ ಕಲಿಸುವಂತಾದರೆ, ಸಿರಪ್ ಬಾಟಲಿಗೆ ಕೈ ಚಾಚುವ ಮುನ್ನ ಮಗುವಿನ ಎದೆಯತ್ತ ಕಣ್ಣು ಹೋದೀತು.