ಅಲಸಂಡೆಯ ನಂಜುರೋಗಕ್ಕೆ ಬಾಟಲಿಯಲ್ಲಿ ಮದ್ದಿಲ್ಲ

ಭತ್ತ ಕೊಯ್ದ ಗದ್ದೆಯಲ್ಲಿ ಅಲಸಂಡೆ ಹಾಕಿದವರನ್ನು ಕಂಡಾಗಲೆಲ್ಲ ನಮಗೆ ಕೇಳಿಬರುವ ಮಾತು ಒಂದೇ: "ಎಲೆ ಮುರುಟಿದೆ, ಮಚ್ಚೆ ಬಿದ್ದಿದೆ. ಎರಡು ಸಲ ಮದ್ದು ಬಿಟ್ಟಾಯಿತು, ಹೋಗುವುದಿಲ್ಲ. ಇನ್ನು ಯಾವ ಮದ್ದು ಬಿಡುವುದು?" ನಮ್ಮ ಉತ್ತರ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಆದರೂ ಹೇಳಬೇಕಾಗಿದೆ. ಇನ್ನು ಯಾವುದನ್ನೂ ಬಿಡಬೇಡಿ. ಈ ರೋಗಕ್ಕೆ ಅಂಗಡಿಯಲ್ಲಿ ಮದ್ದೇ ಇಲ್ಲ.

ಎಲೆಯಲ್ಲಿ ತಿಳಿಹಸಿರು, ಕಡುಹಸಿರು ತೇಪೆ ಹಾಕಿದಂತೆ ಕಾಣುವುದು, ಎಲೆ ಸುಕ್ಕಾಗುವುದು, ಬಳ್ಳಿ ಗಿಡ್ಡವಾಗುವುದು, ಕೋಡು ಸೊಟ್ಟಗಾಗುವುದು, ಇವು ಮೊಸಾಯಿಕ್ ಎಂಬ ನಂಜುರೋಗದ ಗುರುತುಗಳು. ಇದಕ್ಕೆ ಕಾರಣ ವೈರಸ್. ಇದನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಚಿಗುರಿಗೆ ಮುತ್ತುವ ಕಪ್ಪು ಗಿಡಹೇನು. ಒಮ್ಮೆ ಗಿಡದ ಒಳಗೆ ಹೊಕ್ಕ ವೈರಸ್ಸನ್ನು ಕೊಲ್ಲುವ ಔಷಧಿ ರೈತನ ಕೈಗೆ ಬಂದಿಲ್ಲ.

"ಹಾಗಾದರೆ ಹೇನನ್ನು ಕೊಂದರೆ ಆಯಿತಲ್ಲ?" ಎಂದು ನೀವು ಕೇಳಬಹುದು. ನಾವೂ ಹಾಗೆಯೇ ತಿಳಿದು ಪಂಪು ಬೆನ್ನಿಗೇರಿಸಿದವರೇ. ರೆಕ್ಕೆಯುಳ್ಳ ಹೇನು ಹಾರಿ ಬಂದು ರೋಗದ ಎಲೆಗೆ ಒಮ್ಮೆ ಸೂಜಿಬಾಯಿ ಚುಚ್ಚಿ ರುಚಿ ನೋಡುತ್ತದೆ. ಅದಕ್ಕೆ ಒಂದು ನಿಮಿಷವೂ ಬೇಡ. ಮತ್ತೆ ಪಕ್ಕದ ಗಿಡಕ್ಕೆ ಹಾರಿ ಅಲ್ಲಿಯೂ ಚುಚ್ಚುತ್ತದೆ. ಅಷ್ಟರಲ್ಲಿ ರೋಗ ದಾಟಿಯಾಯಿತು. ಎಲೆಯ ಮೇಲಿನ ವಿಷ ಹೇನನ್ನು ಕೊಲ್ಲುವುದು ಆಮೇಲೆ. ಕೆಲವು ವಿಷಗಳ ಉರಿಗೆ ಹೇನು ಒಂದೆಡೆ ನಿಲ್ಲದೆ ಇನ್ನೂ ಹೆಚ್ಚು ಗಿಡಗಳಿಗೆ ಹಾರುವುದೂ ಉಂಟು. ಕಾಸು ಖರ್ಚು ಮಾಡಿ ರೋಗ ಹರಡಿದಂತಾಯಿತು.

ಇನ್ನು ಆರೋಗ್ಯದ ವಿಷಯ. ಗಿಡದ ವೈರಸ್ ಮನುಷ್ಯರಿಗೆ ತಗಲುವುದಿಲ್ಲ. ಮೊಸಾಯಿಕ್ ಬಂದ ಬಳ್ಳಿಯ ಕೋಡನ್ನು ಪಲ್ಯ ಮಾಡಿ ತಿಂದರೆ ಏನೂ ಆಗದು. ಹೆದರಬೇಕಾದದ್ದು ನಾವು ಬಿಟ್ಟ "ಮದ್ದಿಗೆ". ಅಲಸಂಡೆ ಎರಡು ಮೂರು ದಿನಕ್ಕೊಮ್ಮೆ ಕೊಯ್ಯುವ ತರಕಾರಿ. ವಿಷ ಬಿಟ್ಟ ಮೇಲೆ ಇಷ್ಟು ದಿನ ಕೊಯ್ಯಬಾರದೆಂಬ ನಿಯಮ ಇದೆ. ಹಲವು ಕೀಟನಾಶಕಗಳಿಗೆ ಅದು ವಾರಕ್ಕೂ ಮಿಕ್ಕಿದ್ದು. ವಾರ ಕಾದರೆ ಕೋಡು ಬಲಿತು ಯಾರಿಗೂ ಬೇಡ. ಆದ್ದರಿಂದ ಕಾಯುವವರಿಲ್ಲ. ಸೋಮವಾರ ಬಿಟ್ಟದ್ದು ಬುಧವಾರ ಪೇಟೆಯಲ್ಲಿ ಕಟ್ಟಾಗಿ ಮಾರಾಟವಾಗುತ್ತದೆ, ಗುರುವಾರ ಮಕ್ಕಳ ಬಟ್ಟಲಿಗೆ ಬರುತ್ತದೆ. ಗಿಡದ ರಸಕ್ಕೆ ಸೇರುವ ಜಾತಿಯ ವಿಷ ತೊಳೆದರೂ ಹೋಗುವುದಿಲ್ಲ.

ಈ ಮಾತನ್ನು ಕಾಸರಗೋಡಿನವರಿಗೆ ಬೇರೆಯವರು ಬಂದು ಹೇಳಬೇಕೇ? 1970ರ ದಶಕದ ಕೊನೆಯಿಂದ 2000ದ ತನಕ ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅದೂ ಒಂದು ಕೀಟಕ್ಕೆ, ಟೀ ಸೊಳ್ಳೆಗೆ, ಎಂದೇ. ಪಡ್ರೆ, ಸ್ವರ್ಗ, ಎಣ್ಮಕಜೆ ಕಡೆಯ ಮನೆಗಳಲ್ಲಿ ಇಂದಿಗೂ ಹಾಸಿಗೆ ಬಿಟ್ಟೇಳಲಾರದವರನ್ನು ನೋಡಿಕೊಳ್ಳುವ ತಾಯಂದಿರಿದ್ದಾರೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಆಕಾಶದಿಂದ ಸುರಿದವರನ್ನು ನಾವು ದೂರಿದೆವು, ದೂರಲೇಬೇಕಿತ್ತು. ಆದರೆ ನಮ್ಮ ಅಂಗಳದ ಚಪ್ಪರಕ್ಕೆ ನಾವೇ ಬಾಟಲಿ ತಂದು ಸುರಿದರೆ, ಅದನ್ನು ಯಾರ ಮೇಲೆ ದೂರುವುದು?

"ಮದ್ದಿಲ್ಲದಿದ್ದರೆ ಬೆಳೆ ಬಿಡುವುದೇ?" ಗದ್ದೆ ಗೇಣಿಗೆ ಹಿಡಿದು, ಸಾಲ ಮಾಡಿ ಬೆಳೆಸುವವರ ಈ ಪ್ರಶ್ನೆ ನ್ಯಾಯವಾದದ್ದೇ. ಬಿಡಬೇಕಾಗಿಲ್ಲ. ಕೆಲಸವನ್ನು ಬಿತ್ತುವುದಕ್ಕೆ ಮೊದಲೇ ಆರಂಭಿಸಬೇಕು.

ಮೊದಲನೆಯದು ಬೀಜ. ಈ ರೋಗ ಬೀಜದಲ್ಲಿಯೂ ಬರುತ್ತದೆ. ಗದ್ದೆಯಲ್ಲಿ ಮೊದಲ ರೋಗಿ ಹುಟ್ಟುವುದು ಹೆಚ್ಚಾಗಿ ನಮ್ಮದೇ ಬೀಜದ ಡಬ್ಬಿಯಿಂದ. ಒಳ್ಳೆಯ ಕೋಡನ್ನೆಲ್ಲ ಮಾರಿ, ಕೊನೆಗೆ ಉಳಿದ ಸೊಟ್ಟ ಕೋಡನ್ನು ಬೀಜಕ್ಕೆ ಇಡುವ ಅಭ್ಯಾಸವನ್ನು ಬಿಡಬೇಕು. ಹೂ ಬಿಡುವ ತನಕ ಒಂದು ಮಚ್ಚೆಯೂ ಇಲ್ಲದ ಬಳ್ಳಿಗಳಿಗೆ ನೂಲು ಕಟ್ಟಿ ಗುರುತು ಮಾಡಿ, ಅವುಗಳ ಮೊದಲ ಕೋಡುಗಳನ್ನೇ ಬೀಜಕ್ಕೆ ಬಿಡಿ.

ಎರಡನೆಯದು ಕಣ್ಣು. ಮೊಳೆತ ಮೇಲೆ ಮೊದಲ ನಾಲ್ಕು ವಾರ ಎರಡು ದಿನಕ್ಕೊಮ್ಮೆ ಸಾಲುಗಳಲ್ಲಿ ನಡೆದು ನೋಡಿ. ಎಳೆಯ ಎಲೆಯಲ್ಲೇ ಮಚ್ಚೆ ಕಂಡ ಸಸಿಯನ್ನು ಕೂಡಲೇ ಕಿತ್ತು ಚೀಲಕ್ಕೆ ಹಾಕಿ, ದೂರ ಒಯ್ದು ಹೂಳಿ. ಒಂದು ಸಸಿಗೆ ಮರುಗಿದರೆ ಒಂದು ಸಾಲು ಹೋಗುತ್ತದೆ. ಕೋಡು ಹಿಡಿದ ಮೇಲೆ ರೋಗ ಬಂದ ಬಳ್ಳಿಯನ್ನು ಕೀಳಬೇಕಾಗಿಲ್ಲ. ಕೊಯ್ದು ತಿನ್ನಿ, ಬೀಜಕ್ಕೆ ಮಾತ್ರ ಇಡಬೇಡಿ.

ಮೂರನೆಯದು ಹೇನಿನ ದಾರಿಗೆ ಅಡ್ಡಿ. ಅಲಸಂಡೆಗಿಂತ ಎರಡು ಮೂರು ವಾರ ಮುಂಚೆ ಗದ್ದೆಯ ಸುತ್ತ ಎರಡು ಸಾಲು ಮುಸುಕಿನ ಜೋಳ ಹಾಕಿ. ಹಾರಿ ಬಂದ ಹೇನು ಮೊದಲು ಜೋಳಕ್ಕೆ ಚುಚ್ಚಿ ಬಾಯಿಯ ವೈರಸ್ಸನ್ನು ಅಲ್ಲಿಯೇ ಕಳೆದುಕೊಳ್ಳುತ್ತದೆ. ಬುಡಕ್ಕೆ ಬೈಹುಲ್ಲು ಹಾಸಿ. ಬಿಳಿಚಾದ ಹಾಸಿಗೆಯ ಮೇಲೆ ಹೇನು ಇಳಿಯುವುದು ಕಡಿಮೆ. ಬೇಲಿಯ ಗ್ಲಿರಿಸಿಡಿಯಾದ ಚಿಗುರಿನಲ್ಲಿ ಇದೇ ಹೇನು ದಟ್ಟವಾಗಿ ಕೂತಿರುತ್ತದೆ. ಬಿತ್ತುವ ಮೊದಲೇ ಸೊಪ್ಪು ಕಡಿದು ಗೊಬ್ಬರಕ್ಕೆ ಹಾಕಿದರೆ ಎರಡು ಲಾಭ.

ಚಿಗುರಿಗೆ ಹೇನು ಮುತ್ತಿದರೆ ರಸ ಹೀರಿ ಬಳ್ಳಿ ಸೊರಗುವುದು ನಿಜ. ಅದಕ್ಕೆ ಬೇವಿನೆಣ್ಣೆ ಮತ್ತು ಬೆಳ್ಳುಳ್ಳಿಯ ಮಿಶ್ರಣ ಸಾಕು. ಹತ್ತು ಲೀಟರಿಗೆ 200 ಮಿಲಿಲೀಟರ್ ಬೇವಿನೆಣ್ಣೆ, 200 ಗ್ರಾಂ ಅರೆದ ಬೆಳ್ಳುಳ್ಳಿಯ ರಸ, 50 ಗ್ರಾಂ ಬಾರ್ ಸಾಬೂನು. ಸಂಜೆ ಹೊತ್ತು ಎಲೆಯ ಅಡಿಗೆ ಬೀಳುವಂತೆ ಬಿಡಿ. ಎಲೆ ಚಿನ್ನದಂತೆ ಹಳದಿಯಾಗಿದ್ದರೆ ಅದು ಬಿಳಿನೊಣ ತರುವ ಬೇರೆ ರೋಗ. ಆ ನೊಣ ವೈರಸ್ಸನ್ನು ದಿನಗಟ್ಟಲೆ ಹೊತ್ತು ತಿರುಗುತ್ತದೆ. ಅದಕ್ಕೂ ಈ ಬೇವು, ಹಳದಿ ಅಂಟುಹಾಳೆ, ರೋಗದ ಗಿಡ ಕೀಳುವುದು ಇವೇ ದಾರಿ.

ಇಷ್ಟು ಹೇಳಿದರೂ ವಿಷ ಬಿಡುವವರು ಬಿಡುತ್ತಾರೆ. ಅಂಥವರಿಗೆ ಒಂದು ಮಾತು. ಬಿಟ್ಟ ಬಳಿಕ ತಲೆನೋವು, ಬೆವರು, ಬಾಯಲ್ಲಿ ನೀರೂರುವುದು, ಕಣ್ಣು ಮಂಜಾಗುವುದು, ವಾಂತಿ ಇದ್ದರೆ "ಬಿಸಿಲಿಗೆ ಆಗಿರಬೇಕು" ಎಂದು ಮಲಗಬೇಡಿ. ಬಟ್ಟೆ ಬಿಚ್ಚಿ ಸಾಬೂನಿನಿಂದ ಮೈ ತೊಳೆದು, ಬಾಟಲಿಯನ್ನೂ ಜೊತೆಗೆ ಹಿಡಿದು ಕೂಡಲೇ ಆಸ್ಪತ್ರೆಗೆ ಹೋಗಿ. ಬಾಟಲಿ ನೋಡಿದರೆ ಡಾಕ್ಟರರಿಗೆ ಅರ್ಧ ಕೆಲಸ ಸುಲಭ.

ಕೊನೆಯದಾಗಿ, ಹೇನಿಗೆ ಗದ್ದೆಯ ಹುಣಿ ಗೊತ್ತಿಲ್ಲ. ಒಬ್ಬ ರೋಗದ ಗಿಡ ಕಿತ್ತು, ಪಕ್ಕದವನು ಬಿಟ್ಟರೆ ಕಿತ್ತವನ ಶ್ರಮ ವ್ಯರ್ಥ. ಆದ್ದರಿಂದ ಮುಂದಿನ ವಾಳೆ ಸಭೆಯಲ್ಲಿ ಒಂದು ಬೈಲಿನವರೆಲ್ಲ ಕೂಡಿ ಬಿತ್ತುವ ವಾರವನ್ನು ಗೊತ್ತುಮಾಡಿಕೊಳ್ಳಲಿ, ಹಳೆಯ ಬಳ್ಳಿಗಳನ್ನು ಅದಕ್ಕೆ ಮೊದಲೇ ತೆಗೆಯಲಿ ಎಂಬುದು ನಮ್ಮ ಸಲಹೆ. ಒಳ್ಳೆಯ ಬೀಜ ಇದ್ದವರು ನೆರೆಯವರಿಗೆ ಒಂದು ಹಿಡಿ ಕೊಡಲಿ. ಮೊಂತಿ ಹಬ್ಬದ ಊಟಕ್ಕೆ ಅಂಗಳದ ಅಲಸಂಡೆ ಕೊಯ್ಯುವಾಗ, ಅದಕ್ಕೆ ಏನು ಬಿಟ್ಟಿದ್ದೇವೆಂದು ಮಕ್ಕಳ ಮುಂದೆ ಹೇಳಲು ನಮಗೆ ಸಂಕೋಚವಾಗಬಾರದು. ಅಷ್ಟಾದರೆ ಸಾಕು.